ಕರಿಚುಕ್ಕೆಗಳ ಕಿರುಪುಸ್ತಕ

ಪಟ್ಟಣದ ಅನೇಕ ಮನೆಗಳಲ್ಲಿ ಅಡಿಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ಹಾಲಿನವನು ಬಾರದ ದಿನ ಗೃಹಿಣಿ ಆ ತಾರೀಖಿನ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಹಾಕುತ್ತಾಳೆ. ಬಂದ ದಿನಕ್ಕೆ ಗುರುತಿಲ್ಲ. ಬಾರದ ದಿನಕ್ಕೆ ಮಾತ್ರ. ತಿಂಗಳ ಕೊನೆಗೆ ಗುರುತುಗಳನ್ನು ಎಣಿಸಿದರೆ ಲೆಕ್ಕ ತೀರಿತು, ವಾದವಿಲ್ಲ, ಮನಸ್ತಾಪವಿಲ್ಲ. ಹಾಲಿನವನು ತಪ್ಪಿದ್ದನ್ನು ಇಷ್ಟು ಸರಳವಾಗಿ ಬರೆದಿಡಬಲ್ಲ ಮನುಷ್ಯನು ತಾನು ತಪ್ಪಿದ್ದನ್ನೂ ಹೀಗೆಯೇ ಏಕೆ ಬರೆದಿಡಬಾರದು? ಸುಮಾರು ಮುನ್ನೂರು ವರ್ಷಗಳ ಹಿಂದೆ, ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ, ಇನ್ನೂ ಮೂವತ್ತು ತುಂಬದ ಮುದ್ರಕನೊಬ್ಬನು ಈ ಕೆಲಸಕ್ಕೆ ಕೈಹಾಕಿದನು.

ಬೆಂಜಮಿನ್ ಫ್ರಾಂಕ್ಲಿನ್ ಎಂಬ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಮಿಂಚು ವಿದ್ಯುತ್ತೇ ಎಂದು ಸಾಧಿಸಹೊರಟವನು, ಸಿಡಿಲಿನಿಂದ ಕಟ್ಟಡಗಳನ್ನು ಕಾಯುವ ಲೋಹದ ಸಲಾಕೆಯನ್ನು ಕಂಡುಹಿಡಿದವನು, 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು. ಆದರೆ ಈ ಕಿರುಪುಸ್ತಕದ ಕಾಲಕ್ಕೆ ಅದೊಂದೂ ಇನ್ನೂ ನಡೆದಿರಲಿಲ್ಲ. 1706ರಲ್ಲಿ ಬಾಸ್ಟನ್ನಿನಲ್ಲಿ, ಮೊಂಬತ್ತಿ ಮತ್ತು ಸಾಬೂನು ಮಾಡಿ ಮಾರುತ್ತಿದ್ದವನ ಹದಿನೇಳು ಮಕ್ಕಳಲ್ಲಿ ಒಬ್ಬನಾಗಿ ಹುಟ್ಟಿದ ಆತನ ಶಾಲೆ ಹತ್ತನೆಯ ವಯಸ್ಸಿಗೇ ಮುಗಿದಿತ್ತು. ಹನ್ನೆರಡಕ್ಕೆ ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿ, ಹದಿನೇಳಕ್ಕೆ ಅಲ್ಲಿಂದ ಓಡಿಹೋದನು. ಲಂಡನ್ನಿಗೆ ಹೋಗಿ ಗೆಳೆಯನಿಗೆ ಸಾಲ ಕೊಟ್ಟು ಕೈ ಸುಟ್ಟುಕೊಂಡನು. ಊರಿನಲ್ಲಿ ತನಗಾಗಿ ಕಾದಿದ್ದ ಡೆಬೋರಾ ಎಂಬ ಹುಡುಗಿಗೆ ಒಂದೇ ಒಂದು ಕಾಗದ ಬರೆದು ಸುಮ್ಮನಾದನು. ಮುಂದೆ ಆತ್ಮಕಥೆ ಬರೆಯುವಾಗ ಇಂಥವನ್ನೆಲ್ಲ ಆತ ಪಾಪವೆಂದು ಕರೆಯಲಿಲ್ಲ, ಅಚ್ಚಿನ ತಪ್ಪು ಎಂದು ಕರೆದನು. ಮುದ್ರಕನಿಗೆ ತಕ್ಕ ಮಾತು. ಪಾಪಕ್ಕೆ ಪರಿತಾಪ ಬೇಕು; ಅಚ್ಚಿನ ತಪ್ಪಿಗೆ ಬೇಕಾದುದು ಕರಡು ತಿದ್ದುವ ಕಣ್ಣು.

ಆ ಕಣ್ಣನ್ನು ತನ್ನ ನಡತೆಯ ಮೇಲೆಯೇ ತಿರುಗಿಸಬೇಕೆಂದು ಆತನಿಗೆ ತೋರಿತು. ತರುಣನ ಆಸೆ ಚಿಕ್ಕದಲ್ಲ: ಯಾವ ತಪ್ಪನ್ನೂ ಮಾಡದೆ ಬದುಕಬೇಕು, ಅಷ್ಟೇ! ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತನಗೆ ಗೊತ್ತಿರುವಾಗ, ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದರಲ್ಲಿ ಕಷ್ಟವೇನು ಎಂದು ಆತ ಬಗೆದಿದ್ದನು. ಕೆಲವೇ ದಿನಗಳಲ್ಲಿ ಭ್ರಮೆ ಹರಿಯಿತು. ಒಂದು ದೋಷವನ್ನು ಕಾಯುತ್ತ ಕುಳಿತರೆ ಇನ್ನೊಂದು ಹಿಂಬಾಗಿಲಿನಿಂದ ಒಳಗೆ ಬರುತ್ತಿತ್ತು. ಬುದ್ಧಿ ಒಪ್ಪಿದ ಮಾತ್ರಕ್ಕೆ ಕೈಕಾಲು ಒಪ್ಪುವುದಿಲ್ಲ. ಹಳೆಯ ಅಭ್ಯಾಸವನ್ನು ಮುರಿದು ಹೊಸದನ್ನು ಕಟ್ಟದ ಹೊರತು ಸಂಕಲ್ಪಕ್ಕೆ ಬೆಲೆಯಿಲ್ಲವೆಂಬುದು ಆತನ ಮೊದಲ ಪಾಠ. ಯುಗಾದಿಯ ದಿನವೋ ಜನವರಿ ಒಂದರಂದೋ ಹೊಸ ಡೈರಿಯನ್ನು ತೆರೆದವರಿಗೆ ಈ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಹದಿನೈದು ಪುಟಗಳಲ್ಲಿ ಸಂಕಲ್ಪಗಳಿರುತ್ತವೆ. ಹದಿನಾರನೆಯದರಿಂದ ಇಸ್ತ್ರಿಯವನ ಲೆಕ್ಕ.

ಫ್ರಾಂಕ್ಲಿನ್ ಮಾಡಿದ್ದು ಇಷ್ಟು. ತನಗೆ ಬೇಕಾದ ಸದ್ಗುಣಗಳನ್ನು ಪಟ್ಟಿ ಮಾಡಿದನು: ಅನ್ನಪಾನಗಳಲ್ಲಿ ಮಿತಿ, ಮೌನ, ಅಚ್ಚುಕಟ್ಟು, ದೃಢನಿಶ್ಚಯ, ಮಿತವ್ಯಯ, ಉದ್ಯೋಗಶೀಲತೆ, ನಿಷ್ಕಪಟತೆ, ನ್ಯಾಯ, ಅತಿರೇಕವಿಲ್ಲದ ನಡೆ, ಶುಚಿತ್ವ, ಶಾಂತಿ, ಇಂದ್ರಿಯನಿಗ್ರಹ. ಇವು ಹನ್ನೆರಡು, ಹದಿಮೂರನೆಯದು ಆಮೇಲೆ ಬಂದಿತು, ಅದರ ಕಥೆ ಬೇರೆ. ಪ್ರತಿಯೊಂದು ಹೆಸರಿನ ಪಕ್ಕದಲ್ಲಿ, ಅದರಿಂದ ತನಗೆ ಯಾವ ಅರ್ಥವೆಂದು ಒಂದೆರಡು ಸಾಲು. ಮೌನವೆಂದರೆ ಬಾಯಿ ಕಟ್ಟಿ ಕೂರುವುದಲ್ಲ, ಕೇಳುವವನಿಗಾಗಲಿ ತನಗಾಗಲಿ ಪ್ರಯೋಜನವಿಲ್ಲದ ಹರಟೆಯನ್ನು ಬಿಡುವುದು. ಮಾತಿನಲ್ಲಿ ಚಮತ್ಕಾರ ತೋರಿಸುತ್ತ ಪೋಲಿ ಸ್ನೇಹಿತರನ್ನು ನಗಿಸುವ ಚಟ ತನಗಿದೆಯೆಂಬುದು ಆತನಿಗೆ ಗೊತ್ತಿತ್ತು. ಮೌನಕ್ಕೆ ಎರಡನೆಯ ಸ್ಥಾನ ದೊರೆತುದು ಅದರಿಂದಲೇ. ಪಟ್ಟಿಯ ಅನುಕ್ರಮವೂ ಯೋಚಿಸಿ ಮಾಡಿದ್ದು. ಹೊಟ್ಟೆ ಹಿಡಿತದಲ್ಲಿದ್ದರೆ ತಲೆ ತಿಳಿಯಾಗಿರುತ್ತದೆ, ತಲೆ ತಿಳಿಯಾಗಿದ್ದರೆ ಉಳಿದವನ್ನು ಕಾಯಬಹುದು. ಒಂದು ಮೆಟ್ಟಲು ಮುಂದಿನದಕ್ಕೆ ಆಧಾರವಾಗಬೇಕು.

ಬಳಿಕ ಒಂದು ಕಿರುಪುಸ್ತಕವನ್ನು ಹೊಲಿದು, ಪುಟಪುಟದಲ್ಲಿಯೂ ಕೆಂಪು ಮಸಿಯಿಂದ ಗೆರೆ ಎಳೆದನು. ವಾರದ ದಿನಗಳಿಗೆ ಏಳು ಕಂಬಸಾಲು, ಗುಣಗಳಿಗೆ ಹದಿಮೂರು ಅಡ್ಡಸಾಲು. ರಾತ್ರಿ ಮಲಗುವ ಮುನ್ನ ದಿನವನ್ನು ನೆನೆದು, ಯಾವ ಗುಣಕ್ಕೆ ವಿರುದ್ಧವಾಗಿ ನಡೆದಿದ್ದನೋ ಆ ಮನೆಯಲ್ಲಿ ಒಂದು ಕರಿಯ ಚುಕ್ಕೆ. ಒಳ್ಳೆಯದನ್ನು ಮಾಡಿದುದಕ್ಕೆ ಗುರುತಿಲ್ಲ. ಹಾಲಿನ ಲೆಕ್ಕದ ಹಾಗೆಯೇ. ಆದರೆ ಒಂದು ವಾರಕ್ಕೆ ಒಂದೇ ಗುಣದ ಮೇಲೆ ವಿಶೇಷ ಕಾವಲು. ಆ ವಾರ ಆ ಒಂದು ಸಾಲು ಚೊಕ್ಕಟವಾಗಿದ್ದರೆ ಸಾಕು. ಉಳಿದ ಸಾಲುಗಳು ಎಂದಿನಂತೆ ನಡೆಯಲಿ, ಬಿದ್ದ ಚುಕ್ಕೆ ಬೀಳಲಿ. ತೋಟದ ಕಳೆಯನ್ನೆಲ್ಲ ಒಂದೇ ದಿನ ಕೀಳಹೋದವನು ಸೋಲುತ್ತಾನೆ, ಒಂದೊಂದು ಪಾತಿಯಾಗಿ ಮಾಡಿಕೊಂಡು ಹೋಗಬೇಕೆಂಬುದು ಆತನ ಎಣಿಕೆ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು.

ಫಲವೇನು? ಮೊದಲ ಫಲ ನಾಚಿಕೆ. ತನ್ನಲ್ಲಿ ಇಷ್ಟೊಂದು ದೋಷಗಳಿದ್ದಾವೆಂದು ಆತ ಎಣಿಸಿಯೇ ಇರಲಿಲ್ಲ. ಹೊಸ ಸುತ್ತು ಆರಂಭವಾದಾಗ ಹಳೆಯ ಚುಕ್ಕೆಗಳನ್ನು ಕೆರೆದು ಅಳಿಸಬೇಕು. ಕೆರೆದು ಕೆರೆದು ಕಾಗದದಲ್ಲಿ ತೂತುಗಳಾದವು. ಕೊನೆಗೆ ದಂತದ ತೆಳುಹಾಳೆಗಳಿದ್ದ ಟಿಪ್ಪಣಿ ಪುಸ್ತಕಕ್ಕೆ ಗೆರೆಗಳನ್ನು ವರ್ಗಾಯಿಸಿ, ಸೀಸದಕಡ್ಡಿಯಿಂದ ಗುರುತು ಹಾಕಿ, ಒದ್ದೆ ಸ್ಪಂಜಿನಿಂದ ಒರೆಸತೊಡಗಿದನು. ಚುಕ್ಕೆಗಳು ಕ್ರಮೇಣ ಕಡಮೆಯಾದವೆಂಬ ತೃಪ್ತಿಯೂ ದೊರೆಯಿತು. ತಪ್ಪುಗಳ ಲೆಕ್ಕದಲ್ಲಿ ಕಾಗದವೇ ಹರಿಯಿತೆಂದು ತಾನೇ ನಗುತ್ತ ಬರೆಯಬಲ್ಲವನ ಮಾತನ್ನು ನಂಬಬಹುದು.

ದಿನಕ್ಕೂ ಒಂದು ವೇಳಾಪಟ್ಟಿ ಇದ್ದಿತು. ಬೆಳಗ್ಗೆ ಐದಕ್ಕೆ ಎದ್ದು, ಈ ದಿನ ತನ್ನಿಂದ ಯಾವ ಒಳಿತಾಗಬೇಕೆಂದು ಕೇಳಿಕೊಳ್ಳುವುದು. ಎಂಟರಿಂದ ಹನ್ನೆರಡರವರೆಗೂ ಎರಡರಿಂದ ಆರರವರೆಗೂ ಕೆಲಸ. ನಡುವೆ ಊಟ, ಓದು, ಲೆಕ್ಕಪತ್ರ. ಸಂಜೆ ಸಾಮಾನುಗಳನ್ನೆಲ್ಲ ಅವುಗಳ ಸ್ಥಾನದಲ್ಲಿಟ್ಟು, ಸಂಗೀತವೋ ಸಲ್ಲಾಪವೋ ಆದಮೇಲೆ, ಯಾವ ಒಳಿತಾಯಿತೆಂದು ಮತ್ತೆ ಕೇಳಿಕೊಳ್ಳುವುದು, ಹತ್ತಕ್ಕೆ ನಿದ್ರೆ. ಕಾಗದದ ಮೇಲೆ ಬಹು ಚಂದ. ಆದರೆ ಅಚ್ಚುಕೂಟದ ಯಜಮಾನನಾದವನು ಗಿರಾಕಿ ಬಂದಾಗ ಮಾತಾಡಿಸಬೇಕು. ಗಿರಾಕಿಗೆ ಆತನ ವೇಳಾಪಟ್ಟಿ ಗೊತ್ತೆ? ಬಂಧುಗಳು ಹೇಳದೆ ಬಾಗಿಲು ತಟ್ಟುವ ಮನೆಗಳಲ್ಲಿಯೂ ಇದೇ ಪಾಡು. ಕಾಗದಪತ್ರಗಳನ್ನು ಜೋಡಿಸಿಡುವುದಂತೂ ಆತನಿಗೆ ಒಗ್ಗಲೇ ಇಲ್ಲ. ಯೌವನದಲ್ಲಿ ಜ್ಞಾಪಕಶಕ್ತಿ ಬಲವಾಗಿದ್ದುದರಿಂದ ಯಾವುದು ಎಲ್ಲಿದೆಯೆಂದು ನೆನಪಿರುತ್ತಿತ್ತು, ಕೊರತೆ ಕಾಣಲಿಲ್ಲ; ಮುಪ್ಪಿನಲ್ಲಿ ಕಂಡಿತು. ಮೂರನೆಯ ಗುಣವಾದ ಅಚ್ಚುಕಟ್ಟಿನ ಸಾಲು ಜೀವನಪರ್ಯಂತ ಕಪ್ಪಾಗಿಯೇ ಉಳಿಯಿತು.

ಈ ಸೋಲನ್ನು ಹೇಳುವಾಗ ಆತ ಒಂದು ಕಥೆಯನ್ನು ತರುತ್ತಾನೆ. ಒಬ್ಬನು ಕಮ್ಮಾರನಲ್ಲಿ ಕೊಡಲಿಯನ್ನು ಕೊಂಡು, ಅಲಗಿನಷ್ಟೇ ಹೊಳಪು ಇಡೀ ಮೈಗೂ ಬರಬೇಕೆಂದನು. ಸಾಣೆಯ ಚಕ್ರವನ್ನು ನೀನು ತಿರುಗಿಸುವುದಾದರೆ ಆಗಬಹುದೆಂದು ಕಮ್ಮಾರನು ಒಪ್ಪಿದನು. ಕೊಡಲಿಯ ಅಗಲವಾದ ಮೈಯನ್ನು ಕಲ್ಲಿಗೆ ಬಲವಾಗಿ ಒತ್ತಿ ಹಿಡಿದಾಗ ಚಕ್ರ ತಿರುಗಿಸುವವನಿಗೆ ಏದುಸಿರು ಬಂದಿತು. ಕೆಲಸ ಎಷ್ಟಾಯಿತೆಂದು ಆಗಾಗ ನೋಡುತ್ತಾನೆ, ಇನ್ನೂ ಕಲೆಗಳೇ. ಕೊನೆಗೆ, ಇದ್ದ ಹಾಗೆಯೇ ಕೊಡು ಎಂದನು. ಇನ್ನಷ್ಟು ತಿರುಗಿಸಿದರೆ ಹೊಳಪು ಬರುತ್ತದೆ ಎಂದನು ಕಮ್ಮಾರ. ಬರಬಹುದು, ಆದರೆ ಕಲೆಯಿರುವ ಕೊಡಲಿಯೇ ತನಗೆ ಮೆಚ್ಚಿಗೆಯೆಂದು ಹೇಳಿ ಅವನು ಹೊರಟುಹೋದನು. ಇದು ಸೋಮಾರಿಯ ಸಮಾಧಾನವೆಂಬುದು ಫ್ರಾಂಕ್ಲಿನ್ನನಿಗೆ ಗೊತ್ತಿತ್ತು; ಅಂಥ ಸಮಾಧಾನ ತನ್ನ ಕಿವಿಯಲ್ಲಿಯೂ ಪಿಸುಗುಟ್ಟಿತೆಂದು ಆತ ಮುಚ್ಚಿಡಲಿಲ್ಲ. ಅಚ್ಚಿನ ಅಕ್ಷರವನ್ನು ನೋಡಿ ಕಾಪಿ ಬರೆಯುವ ಹುಡುಗನ ಅಕ್ಷರ ಅಚ್ಚಿನಂತಾಗುವುದಿಲ್ಲ, ಆದರೂ ದುಂಡಗಾಗುತ್ತದೆ. ತನಗೆ ಆದ ಲಾಭ ಅದೇ ಬಗೆಯದೆಂದು ಆತನ ತೀರ್ಮಾನ.

ಅಭ್ಯಾಸದ ಶಾಸ್ತ್ರವನ್ನು ಬರೆದ ಪಂಡಿತರು ಸೋಲನ್ನು ಕುರಿತು ಇಷ್ಟು ಮೃದುವಾಗಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ, ಹೊಸ ಅಭ್ಯಾಸ ಬೇರೂರುವವರೆಗೆ ಒಂದು ಸಲವೂ ತಪ್ಪಕೂಡದೆಂದು ವಿಧಿಸಿದನು. ಸುತ್ತುತ್ತಿರುವ ದಾರದ ಉಂಡೆ ಒಮ್ಮೆ ಕೈಜಾರಿದರೆ ಅನೇಕ ಸುತ್ತುಗಳು ಬಿಚ್ಚಿಹೋಗುವುವೆಂದು ಆತನ ವಾದ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಶಸ್ತ್ರವೈದ್ಯನು, ತನ್ನ ರೋಗಿಗಳಿಗೆ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನ ಬೇಕಾಗುತ್ತದೆಂದು ಬರೆದನು. ಜನ ‘ಕನಿಷ್ಠ’ ಎಂಬ ಪದವನ್ನು ಬಿಟ್ಟು, ಮುಖವನ್ನೂ ಮರೆತು, ಯಾವ ಅಭ್ಯಾಸಕ್ಕಾದರೂ 21 ದಿನ ಸಾಕೆಂದು ಸಾರಿದರು. ಲಂಡನ್ನಿನ ವಿಶ್ವವಿದ್ಯಾಲಯದಲ್ಲಿ ಫಿಲಿಪಾ ಲ್ಯಾಲಿ ಮತ್ತು ಆಕೆಯ ಸಹೋದ್ಯೋಗಿಗಳು 96 ಮಂದಿಯನ್ನು 84 ದಿನ ಪರೀಕ್ಷಿಸಿದರು. ಆ ಸಂಶೋಧನೆ 2010ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರತಿಯೊಬ್ಬರೂ ಒಂದು ಸಣ್ಣ ಕೆಲಸವನ್ನು ಆರಿಸಿಕೊಂಡು ಪ್ರತಿದಿನ ಒಂದೇ ಸಂದರ್ಭದಲ್ಲಿ, ಬೆಳಗಿನ ತಿಂಡಿಯಾದ ಮೇಲೆ ಎಂಬಂತೆ, ಮಾಡಬೇಕಾಗಿತ್ತು. ಅದು ತಾನಾಗಿಯೇ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲದ ನಡುವಣ ಅಂಕಿ 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕೆಂದು ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದುದರಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಜೇಮ್ಸನ ದಾರದ ಉಂಡೆ ಅಷ್ಟೇನೂ ಬಿಚ್ಚಿಕೊಳ್ಳುವುದಿಲ್ಲವೆಂದಾಯಿತು.

ಈ ಅಂಕಿಗಳನ್ನು ನೋಡಿದರೆ ಫ್ರಾಂಕ್ಲಿನ್ನನ ಒಂದು ವಾರ ಬಹಳ ಕಡಮೆಯೇ. ಏಳು ದಿನಗಳಲ್ಲಿ ಯಾವ ಅಭ್ಯಾಸವೂ ಗಟ್ಟಿಯಾಗದು. ಆದರೆ ತಪ್ಪನ್ನು ಅದು ನಡೆಯುವಾಗಲೇ ಗುರುತಿಸುವ ಎಚ್ಚರ ಹುಟ್ಟಲು ಏಳು ದಿನ ಸಾಕು. ಆ ಪುಸ್ತಕದ ನಿಜವಾದ ಕೆಲಸ ಇದೇ ಆಗಿದ್ದಿರಬೇಕು. ಈಗ ಮೊಬೈಲ್ ಫೋನಿನಲ್ಲಿ ಇದೇ ಬಗೆಯ ಗುರುತುಗಳನ್ನು ಹಾಕಿಸುವ ಸಲಕರಣೆಗಳಿವೆ. ಅವು ಮಾಡಿದ ದಿನಗಳ ಸರಪಳಿಯನ್ನು ಹೊಗಳುತ್ತವೆ, ತಪ್ಪಿದ ದಿನ ಸರಪಳಿ ಕಡಿಯಿತೆಂದು ಗದ್ದಲವೆಬ್ಬಿಸುತ್ತವೆ. ಒದ್ದೆ ಸ್ಪಂಜೇ ಮೇಲು.

ಇನ್ನು ಹದಿಮೂರನೆಯ ಗುಣ. ಹನ್ನೆರಡರ ಪಟ್ಟಿಯನ್ನು ಕಂಡ ಕ್ವೇಕರ್ ಪಂಥದ ಸ್ನೇಹಿತನೊಬ್ಬನು, ಎಲ್ಲ ಸರಿ, ಆದರೆ ನಿನಗೆ ಗರ್ವ ಹೆಚ್ಚೆಂದು ಜನ ಆಡಿಕೊಳ್ಳುತ್ತಾರೆ ಎಂದು ಉದಾಹರಣೆಗಳೊಡನೆ ತಿಳಿಸಿದನು. ವಾದದಲ್ಲಿ ತಾನು ಸರಿಯೆಂದು ತೋರಿಸಿದರೆ ಫ್ರಾಂಕ್ಲಿನ್ನನಿಗೆ ತೃಪ್ತಿಯಿರಲಿಲ್ಲ, ಎದುರಾಳಿಯನ್ನು ಚಿತ್ತು ಮಾಡಬೇಕಾಗಿತ್ತು. ಆತ ಮರುಮಾತಾಡದೆ ಪಟ್ಟಿಯ ಕೊನೆಯಲ್ಲಿ ವಿನಯವನ್ನು ಸೇರಿಸಿದನು. ಅದನ್ನು ಅಭ್ಯಾಸ ಮಾಡಿದ ರೀತಿ ಬಹು ವಿಚಿತ್ರ: ಮನಸ್ಸನ್ನು ಬದಲಾಯಿಸುವ ಗೋಜಿಗೆ ಹೋಗದೆ ಮಾತನ್ನು ಬದಲಾಯಿಸಿದನು. ‘ಖಂಡಿತ’, ‘ನಿಸ್ಸಂದೇಹವಾಗಿ’ ಎಂಬ ಬಗೆಯ ಪದಗಳಿಗೆ ತನ್ನ ಬಾಯಲ್ಲಿ ಬಹಿಷ್ಕಾರ. ‘ನನಗೆ ಹೀಗೆ ತೋರುತ್ತದೆ’ ಎಂಬ ಬಗೆಯವಕ್ಕೆ ಮಾತ್ರ ಅಪ್ಪಣೆ. ಯಾರಾದರೂ ತಪ್ಪು ಹೇಳಿದರೆ ಒಡನೆಯೇ ಮೇಲೆ ಬೀಳದೆ, ಕೆಲವು ಸಂದರ್ಭಗಳಲ್ಲಿ ನೀವು ಹೇಳುವುದು ಸರಿಯಾದೀತು, ಇಲ್ಲಿ ತುಸು ಭೇದವಿರಬಹುದೇನೋ ಎಂದು ಆರಂಭಿಸುವುದು. ಮೊದಮೊದಲು ಸ್ವಭಾವಕ್ಕೆ ಹಿಂಸೆಯಾಯಿತು, ಬರಬರುತ್ತ ಸಲೀಸಾಯಿತು. ತನ್ನ ಮಾತನ್ನು ಜನ ಬೇಗ ಒಪ್ಪತೊಡಗಿದರು. ತಾನೇ ತಪ್ಪಿದ್ದಾಗ ಅವಮಾನವೂ ಕಡಮೆಯಾಯಿತು. ಊಟದ ಎಲೆಯ ಮುಂದೆ ತಂದೆ ಮಕ್ಕಳ ನಡುವೆ ‘ಖಂಡಿತ’ ಎಂಬ ಒಂದು ಪದಕ್ಕೆ ಒಂದು ವಾರದ ರಜೆ ಸಿಕ್ಕಿದರೆ ಎಷ್ಟು ಮನೆಗಳಲ್ಲಿ ಅನ್ನ ಬಿಸಿಯಾಗಿರುವಾಗಲೇ ಊಟ ಮುಗಿದೀತು! ಇಷ್ಟಾಗಿಯೂ ವಿನಯ ತನಗೆ ಮೇಲುಹೊದಿಕೆಯಾಗಿ ದಕ್ಕಿತೇ ಹೊರತು ಒಳಗಿನ ಗರ್ವ ಸಾಯಲಿಲ್ಲವೆಂದು ಆತ ಒಪ್ಪಿಕೊಂಡಿದ್ದಾನೆ. ಗರ್ವವನ್ನು ಗೆದ್ದೆನೆಂದುಕೊಂಡರೆ, ಗೆದ್ದ ಗರ್ವ ಉಳಿಯುತ್ತದಲ್ಲ!

ಈ ಭಾಗವನ್ನು ಆತ ಬರೆದುದು 1784ರಲ್ಲಿ, ಪ್ಯಾರಿಸ್ಸಿನ ಬಳಿಯ ಪಾಸಿಯಲ್ಲಿ; ಆಗ ಎಪ್ಪತ್ತೆಂಟು ವರ್ಷ. ಸುತ್ತುಗಳು ವರ್ಷಕ್ಕೊಂದಾಗಿ, ಕೆಲವು ವರ್ಷಗಳಿಗೊಂದಾಗಿ, ಪ್ರಯಾಣಗಳ ಮತ್ತು ರಾಜಕಾರ್ಯದ ನಡುವೆ ನಿಂತೇಹೋಗಿದ್ದವು. ಪುಸ್ತಕ ಮಾತ್ರ ಸದಾ ಜೊತೆಯಲ್ಲಿರುತ್ತಿತ್ತು.

ಆದರೆ ಆ ಪುಸ್ತಕಕ್ಕೆ ಕಾಣದೆ ಉಳಿದುದೂ ಉಂಟು. ಅಂದು ಒಂದೇ ಕಾಗದ ಬರೆದು ಮರೆತಿದ್ದ ಡೆಬೋರಾಳನ್ನು 1730ರಲ್ಲಿ ಕೈಹಿಡಿದು, ಅಚ್ಚಿನ ತಪ್ಪನ್ನು ತಿದ್ದಿದೆನೆಂದುಕೊಂಡನು. ಆಕೆಗೆ ಸಮುದ್ರಯಾನವೆಂದರೆ ಭಯ; 1764ರಲ್ಲಿ ಲಂಡನ್ನಿಗೆ ಹೋದ ಗಂಡನು ಹತ್ತು ವರ್ಷವಾದರೂ ಹಿಂದಿರುಗಲಿಲ್ಲ; 1774ರ ಡಿಸೆಂಬರಿನಲ್ಲಿ ಆಕೆ ತೀರಿಕೊಂಡಾಗ ಆತ ಕಡಲಿನ ಆಚೆಯೇ ಇದ್ದನು. ಇದಕ್ಕೆ ಯಾವ ಸಾಲಿನಲ್ಲಿ ಚುಕ್ಕೆ? ಎಂಟನೆಯ ಸಾಲು ನ್ಯಾಯದ್ದು: ಕೇಡು ಮಾಡುವುದೂ ತಪ್ಪು, ಸಲ್ಲಿಸಬೇಕಾದ ಉಪಕಾರವನ್ನು ಸಲ್ಲಿಸದಿರುವುದೂ ತಪ್ಪು. ಹಾಗೆ ಬರೆದವನ ಮನೆಯಲ್ಲಿ ದಶಕಗಳ ಕಾಲ ಗುಲಾಮರಿದ್ದರು. ಆತನ ‘ಪೆನ್ಸಿಲ್ವೇನಿಯ ಗೆಜೆಟ್’ ಪತ್ರಿಕೆ ಗುಲಾಮರ ಮಾರಾಟದ ಜಾಹೀರಾತುಗಳನ್ನು ಅಚ್ಚುಹಾಕಿ ಹಣ ಪಡೆಯುತ್ತಿತ್ತು. ಸುತ್ತಲಿನ ಸಮಾಜವೆಲ್ಲ ಒಪ್ಪಿದ ತಪ್ಪಿಗೆ ಪಟ್ಟಿಯಲ್ಲಿ ಮನೆಯಿರುವುದಿಲ್ಲ. ಮನೆಯಿಲ್ಲದೆಡೆ ಚುಕ್ಕೆ ಬೀಳುವುದೆಲ್ಲಿ? ಅಂದು ಕ್ವೇಕರ್ ಸ್ನೇಹಿತ ಗರ್ವವನ್ನು ತೋರಿಸಿಕೊಟ್ಟಂತೆ ಇದನ್ನೂ ಬೇರೆಯವರೇ ತೋರಿಸಬೇಕಾಯಿತು. ಗುಲಾಮಗಿರಿಯನ್ನು ವಿರೋಧಿಸಿ ಬರೆಯುತ್ತಿದ್ದ ಕ್ವೇಕರರ ಕರಪತ್ರಗಳೂ ಅದೇ ಅಚ್ಚುಕೂಟಕ್ಕೆ ಬಂದಿದ್ದವು, ಅಚ್ಚಾಗಿ ಹೋಗಿದ್ದವು. ಮುದ್ರಕನ ಮನಸ್ಸಿನಲ್ಲಿ ಅವು ಮೂಡಲು ಬಹಳ ವರ್ಷಗಳು ಹಿಡಿದವು.

1787ರಲ್ಲಿ ಆತ ಪೆನ್ಸಿಲ್ವೇನಿಯದ ಗುಲಾಮಗಿರಿ ನಿರ್ಮೂಲನ ಸಂಘದ ಅಧ್ಯಕ್ಷನಾದನು. ಮರುವರ್ಷ ಬರೆದ ಮೃತ್ಯುಪತ್ರದಲ್ಲಿ, ಅಳಿಯನು ತನಗೆ ಕೊಡಬೇಕಾಗಿದ್ದ ದೊಡ್ಡ ಸಾಲವನ್ನು ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಅಳಿಯನ ಗುಲಾಮ ಬಾಬ್ ಎಂಬವನನ್ನು ಬಿಡುಗಡೆ ಮಾಡಬೇಕೆಂದು ಕೇಳಿದನು. 1790ರ ಫೆಬ್ರವರಿ 3ರಂದು, ಗುಲಾಮಗಿರಿಯನ್ನು ಕೊನೆಗಾಣಿಸಬೇಕೆಂದು ಅಮೆರಿಕದ ಕಾಂಗ್ರೆಸ್ಸಿಗೆ ಸಲ್ಲಿಸಿದ ಮನವಿಗೆ ಸಹಿ ಮಾಡಿದನು. ಆಗ ಆತನಿಗೆ ಎಂಬತ್ತನಾಲ್ಕು ವರ್ಷ, ಹಾಸಿಗೆ ಹಿಡಿದಾಗಿತ್ತು. ಕಾಂಗ್ರೆಸ್ಸು ಮನವಿಯನ್ನು ಪಕ್ಕಕ್ಕಿಟ್ಟಿತು. ಅದೇ ಮಾರ್ಚಿಯಲ್ಲಿ ಆತ ಗುಲಾಮಗಿರಿಯ ಸಮರ್ಥಕರನ್ನು ಅಣಕಿಸಿ ಪತ್ರಿಕೆಗೆ ಒಂದು ಬರಹ ಕಳುಹಿಸಿದನು. ಏಪ್ರಿಲ್ 17ರ ರಾತ್ರಿ ತೀರಿಕೊಂಡನು.