ಅಂಗೈಗಣಕಗಳಲ್ಲಿ ಸ್ಥಿರಸ್ಮೃತಿ

ಗಣಕವಿಜ್ಞಾನದಲ್ಲಿ ಸ್ಮೃತಿಯೆಂಬುದು ಎರಡು ಬಗೆ. ವಿದ್ಯುತ್ತು ಹರಿಯುತ್ತಿರುವವರೆಗೆ ಮಾತ್ರ ಉಳಿಯುವ ಚಂಚಲಸ್ಮೃತಿ ಒಂದು. ವಿದ್ಯುತ್ತು ನಿಂತ ಮೇಲೂ ಉಳಿಯುವ ಸ್ಥಿರಸ್ಮೃತಿ ಮತ್ತೊಂದು. ಮೇಜಿನ ಮೇಲಣ ಗಣಕದಲ್ಲಿ ಕೆಲಸ ನಡೆಯುವುದು ಮೊದಲನೆಯದರಲ್ಲಿ, ಕಡತ ಉಳಿಯುವುದು ಹಾರ್ಡ್ ಡಿಸ್ಕಿನಲ್ಲಿ. ಅಂಗೈಯಲ್ಲಿ ಹಿಡಿಯುವ ಅನೇಕ ಗಣಕಗಳಲ್ಲಿ ಬಹುಕಾಲ ಈ ವಿಭಜನೆಯೇ ಇರಲಿಲ್ಲವೆಂಬುದು ಇಂದಿನ ಓದುಗರಿಗೆ ಆಶ್ಚರ್ಯವೆನಿಸಬಹುದು.

1996ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಪೈಲಟ್ 1000 ಎಂಬ ಅಂಗೈಗಣಕದ ಸ್ಮೃತಿ ಕೇವಲ 128 ಕಿಲೋಬೈಟ್. ವಿಳಾಸ, ದಿನಚರಿ, ಟಿಪ್ಪಣಿಗಳೆಲ್ಲವೂ ರ‍್ಯಾಮಿನಲ್ಲಿಯೇ ಇದ್ದು, ಎರಡು ಸಣ್ಣ ಶೆಲ್ಲುಗಳು ಅವನ್ನು ಕಾಪಾಡುತ್ತಿದ್ದವು. ಶೆಲ್ ಬದಲಿಸುವಾಗ ಒಂದು ಕೆಪಾಸಿಟರು ಸುಮಾರು ಒಂದು ನಿಮಿಷ ಕಾಲ ಮಾಹಿತಿಯನ್ನು ಹಿಡಿದಿಡುತ್ತಿತ್ತು. ಇದನ್ನು ವಿನ್ಯಾಸಕಾರರ ಅಜ್ಞಾನವೆಂದು ಬಗೆಯಲಾಗದು. ದಾಖಲೆಯನ್ನು ಇದ್ದಲ್ಲಿಯೇ ತಿದ್ದಬಹುದಾದ್ದರಿಂದ ಉಪಕರಣವು ಮುಟ್ಟಿದೊಡನೆ ಉತ್ತರಿಸುತ್ತಿತ್ತು. ಪ್ರತಿಯೊಂದು ಮೇಜುಗಣಕದಲ್ಲಿರುತ್ತದೆಂಬ ಭರವಸೆಯೂ ಇತ್ತು. ಆದರೆ ಮೇಜುಗಣಕದಿಂದ ದೂರವಿದ್ದು ದಿನಗಟ್ಟಲೆ ಮಾಹಿತಿ ಸಂಗ್ರಹಿಸುವ ಕ್ಷೇತ್ರಕಾರ್ಯಕರ್ತನಿಗೆ ಆ ಭರವಸೆಯಿಂದ ಏನು ಪ್ರಯೋಜನ? ಶೆಲ್ ಬತ್ತಿದರೆ ಅವನ ದುಡಿಮೆಯೂ ಬತ್ತಿದಂತೆಯೇ.

ಈ ಕೊರತೆಯನ್ನು ನೀಗಿದ್ದು ಫ್ಲ್ಯಾಶ್ ಸ್ಮೃತಿ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕಾ ಅವರು 1984ರಲ್ಲಿ ಇದನ್ನು ವಿದ್ವತ್ ಸಮ್ಮೇಳನವೊಂದರಲ್ಲಿ ಮಂಡಿಸಿದರು. ಇದರ ಪ್ರತಿಯೊಂದು ಕೋಶದಲ್ಲಿ ಅವಾಹಕ ಪದರಗಳ ನಡುವೆ ಸೆರೆಯಾದ ಒಂದು ತೇಲುವ ದ್ವಾರವಿದೆ. ಹೆಚ್ಚಿನ ವಿದ್ಯುದ್ವಿಭವವನ್ನು ಪ್ರಯೋಗಿಸಿದಾಗ ಎಲೆಕ್ಟ್ರಾನುಗಳು ತೆಳುವಾದ ಪದರವನ್ನು ದಾಟಿ ಆ ದ್ವಾರವನ್ನು ಸೇರುತ್ತವೆ; ವಿದ್ಯುತ್ತು ನಿಂತರೂ ಹೊರಬರಲಾರವು. ಅವು ಇವೆಯೇ ಇಲ್ಲವೇ ಎಂಬುದೇ ದಾಖಲೆಯ ಅಕ್ಷರ. ಆದರೆ ಬರೆಯುವುದು ಪುಟದಷ್ಟು, ಅಳಿಸುವುದು ಅನೇಕ ಪುಟಗಳ ಖಂಡವನ್ನೇ ಒಟ್ಟಾಗಿ. ಬಳಪದ ಒಂದಕ್ಷರವನ್ನು ಮಾತ್ರ ಒರೆಸಲಾಗದ ಹಲಗೆಯಂತೆ. ಪ್ರತಿಸಲ ಅಳಿಸಿದಾಗಲೂ ಅವಾಹಕ ಪದರವು ಇಷ್ಟಿಷ್ಟೇ ಸವೆಯುತ್ತದೆ. ಕೋಶಕ್ಕೆ ಒಂದೇ ಬಿಟ್ ಇದ್ದ ಕಾಲದಲ್ಲಿ ಸುಮಾರು 1 ಲಕ್ಷ ಸಲ ತಾಳುತ್ತಿದ್ದ ಸ್ಮೃತಿ, ಮೂರು ಬಿಟ್ ತುಂಬುವ ಇಂದಿನ ಬಗೆಯಲ್ಲಿ ಕೆಲವೇ ಸಾವಿರ ಸಲ ತಾಳುತ್ತದೆ. ಆದ್ದರಿಂದ ನಿಯಂತ್ರಕವು ಬರಹವನ್ನು ಎಲ್ಲ ಖಂಡಗಳಿಗೂ ಸಮನಾಗಿ ಹಂಚುತ್ತಿರಬೇಕಾಗುತ್ತದೆ.

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ ರೂಪಿಸಿ, 2001ರಲ್ಲಿ ಪ್ರಕಟಪಡಿಸಿದ ಸಿಂಪ್ಯೂಟರನ್ನು ಇಲ್ಲಿ ನೆನೆಯಬೇಕು. ಅದರಲ್ಲಿ ಫ್ಲ್ಯಾಶ್ ಇತ್ತು. ಜೊತೆಗೆ ಸ್ಮಾರ್ಟ್ ಕಾರ್ಡ್ ಓದುವ ವ್ಯವಸ್ಥೆಯೂ ಇತ್ತು. ಉಪಕರಣವು ಊರಿಗೆಲ್ಲ ಸೇರಿ ಒಂದೇ ಆದರೂ, ಪ್ರತಿಯೊಬ್ಬನ ಮಾಹಿತಿ ಅವನ ಕಾರ್ಡಿನಲ್ಲಿ ಅವನೊಡನೆಯೇ ಇರಬಹುದೆಂಬುದು ಅದರ ಕಲ್ಪನೆ. ಸಿಂಪ್ಯೂಟರು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೂ ಸ್ಥಿರಸ್ಮೃತಿಯನ್ನು ಒಡೆತನದ ಪ್ರಶ್ನೆಯಾಗಿ ಕಂಡದ್ದು ಅದರ ಹಿರಿಮೆಯೆಂದು ನನ್ನ ಭಾವನೆ.

ಪಾಮ್ ಸಂಸ್ಥೆಯ ಪರಿವರ್ತನೆ ಇಷ್ಟು ಸುಗಮವಾಗಲಿಲ್ಲ. 2004ರ ಟ್ರಿಯೊ 650ರಲ್ಲಿ ದಾಖಲೆಗಳು ಫ್ಲ್ಯಾಶಿಗೆ ಸಾಗಿದವು. ಆದರೆ ರ‍್ಯಾಮಿಗೆಂದು ಹೆಣೆದ ಚಿಕ್ಕ ಚಿಕ್ಕ ದಾಖಲೆಗಳು 512 ಬೈಟುಗಳ ಅಂಕಣಗಳಲ್ಲಿ ಕುಳಿತುದರಿಂದ, ಹಿಂದಿನ ಮಾದರಿಯಲ್ಲಿ ಹಿಡಿಸಿದ್ದ ಮಾಹಿತಿ ಹೊಸದರಲ್ಲಿ ಹಿಡಿಸದಾಯಿತು. ಸಂಸ್ಥೆಯು ಗ್ರಾಹಕರಿಗೆ ಉಚಿತ ಸ್ಮೃತಿಪತ್ರಗಳನ್ನು ಹಂಚಿ, ಮುಂದೆ ತಂತ್ರಾಂಶವನ್ನು ತಿದ್ದಿತು. 2005ರಲ್ಲಿ ವಿಂಡೋಸ್ ಮೊಬೈಲ್ 5.0 ಇದೇ ದಾರಿ ಹಿಡಿದಾಗ, ಮಾಹಿತಿ ಕಾಯಲೆಂದು ಬ್ಯಾಟರಿಯಲ್ಲಿ ಮೀಸಲಿಡುತ್ತಿದ್ದ ಪಾಲು ಬಳಕೆಗೆ ಬಿಡುವಾಯಿತು.

ಹಿಂದೆ ಉಳಿಸಿಕೊಳ್ಳುವುದು ಕಷ್ಟವಿತ್ತು. ಇಂದಿನ ಮೊಬೈಲಿನಲ್ಲಿ ಅಳಿಸುವುದೇ ಕಷ್ಟ. ನಾವು ಅಳಿಸಿದ ಪತ್ರವು ಖಂಡದ ಸರದಿ ಬರುವವರೆಗೆ ಎಲ್ಲಿಯೋ ಉಳಿದಿರುತ್ತದೆ. ಆದಕಾರಣ ಈಗಿನ ಉಪಕರಣಗಳು ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆಯುತ್ತವೆ. ಪೂರ್ತಿ ಅಳಿಸೆಂದು ಆಜ್ಞಾಪಿಸಿದಾಗ ಅವು ನಾಶಮಾಡುವುದು ಆ ಲಿಪಿಯ ಕೀಲಿಯನ್ನು ಮಾತ್ರ.