ಐನೂರು ರೂಪಾಯಿಯ ಪ್ರಯೋಗಶಾಲೆ

ನಿಂಬೆಹಣ್ಣು 12. ತಗಡಿಗೆ ಹೊಡೆಯುವ ಜಿಐ ಮೊಳೆ ಕಾಲು ಕೆ.ಜಿ. ಎಲ್‌ಇಡಿ 10. ಬಲೂನು ಒಂದು ಪ್ಯಾಕೆಟ್. ಸೂಜಿಯಿಲ್ಲದ ಸಿರಿಂಜು 6. ಸಲೈನ್ ಪೈಪು ಎರಡು ಗಜ. ಅಡುಗೆ ಸೋಡಾ, ಅರಿಶಿನ, ಸುಣ್ಣ.

ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಅಟ್ಟದಿಂದ ಇಳಿಸಿ ತೋರಿಸಿದ ಲೆಕ್ಕದ ಪುಸ್ತಕದ ಒಂದು ಪುಟ ಇದು. ನಿಜ ಹೇಳಬೇಕೆಂದರೆ ನಾನು ಬರೆಯಹೊರಟದ್ದು ಪ್ರಶಸ್ತಿಗಳ ಬಗ್ಗೆ. ಸೆಪ್ಟೆಂಬರ್ ಹತ್ತಿರ ಬಂತೆಂದರೆ ಪತ್ರಿಕೆಯವರಿಗೆ ಶಿಕ್ಷಕರ ನೆನಪಾಗುತ್ತದೆ. ವಿಜ್ಞಾನ, ಗಣಿತ ಕಲಿಸುವವರಿಗೆ ಎಲ್ಲೆಲ್ಲಿ ಯಾವ ಗೌರವ, ಯಾವ ಧನಸಹಾಯ ಸಿಗುತ್ತದೆ ಎಂಬ ಪತ್ರಿಕಾ ತುಣುಕುಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದೆ. ಆಗ ಗೆಳೆಯನೊಬ್ಬ, ‘ಪ್ರಶಸ್ತಿ ಬಂದವರನ್ನು ಎಲ್ಲರೂ ನೋಡ್ತಾರೆ, ಬಾ, ನಮ್ಮ ಮೇಷ್ಟ್ರನ್ನು ತೋರಿಸ್ತೀನಿ’ ಎಂದು ಕರೆದುಕೊಂಡು ಹೋದ. ಹೋಗಿ ಬಂದ ಮೇಲೆ ತುಣುಕುಗಳ ಕಡೆ ಮನಸ್ಸು ಅಷ್ಟಾಗಿ ಹೊರಳುತ್ತಿಲ್ಲ. ಹೆಸರು ಹಾಕಕೂಡದು ಎಂಬುದು ಮೇಷ್ಟ್ರ ಷರತ್ತು, ಹಾಗಾಗಿ ಇಲ್ಲಿ ಅವರು ಬರೀ ಮೇಷ್ಟ್ರು.

ಸರ್ವ ಶಿಕ್ಷಾ ಅಭಿಯಾನದ ಕಾಲದಲ್ಲಿ ಪಾಠೋಪಕರಣ ಮಾಡಿಕೊಳ್ಳಲಿ ಎಂದು ಒಬ್ಬ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಕೊಡುತ್ತಿದ್ದರು. ಶಾಲೆಗಳಲ್ಲಿ ಅದಕ್ಕೆ ‘ಟಿಎಲ್‌ಎಂ ದುಡ್ಡು’ ಎಂದೇ ಹೆಸರು. ಐನೂರರಲ್ಲಿ ಏನು ಬರುತ್ತದೆ ಎಂದು ಎಷ್ಟೋ ಜನ ಮೂಗು ಮುರಿದರು. ಇನ್ನೆಷ್ಟೋ ಜನ ಥರ್ಮೋಕೋಲು, ಬಣ್ಣದ ಕಾಗದ ತಂದು ಓಚರು ಅಂಟಿಸಿ ಕೈ ತೊಳೆದುಕೊಂಡರು. ನಮ್ಮ ಮೇಷ್ಟ್ರು ಮಾತ್ರ ಅದನ್ನು ಹೊಸದಾಗಿ ಸಂಸಾರ ಹೂಡಿದವರ ಹಾಗೆ ಲೆಕ್ಕ ಹಾಕಿ ಖರ್ಚು ಮಾಡಿದ್ದಾರೆ. ಪುಟದ ಎಡಗಡೆ ಕೊಂಡ ಸಾಮಾನು, ಬಲಗಡೆ ಅದರಿಂದ ಮಾಡಿದ ಪ್ರಯೋಗ, ಕೆಳಗೆ ಕೆಂಪು ಶಾಯಿಯಲ್ಲಿ ‘ಆಯಿತು’ ಅಥವಾ ‘ಆಗಲಿಲ್ಲ’. ‘ಆಗಲಿಲ್ಲ’ ಎನ್ನುವುದನ್ನು ಬರೆದಿಟ್ಟ ಸರ್ಕಾರಿ ಲೆಕ್ಕದ ಪುಸ್ತಕವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಿಂಬೆಹಣ್ಣಿನ ಕಥೆಯನ್ನೇ ಕೇಳಿ. ಹಣ್ಣಿಗೆ ಸತು, ತಾಮ್ರ ಚುಚ್ಚಿದರೆ ವಿದ್ಯುತ್ತು ಬರುತ್ತದೆ ಎಂದು ಪುಸ್ತಕಗಳು ಎರಡೇ ಸಾಲಲ್ಲಿ ಹೇಳಿ ಮುಗಿಸುತ್ತವೆ. ಮೊದಲ ವರ್ಷ ಮೇಷ್ಟ್ರು ಟಾರ್ಚ್ ಬಲ್ಬು ತಂದರು. ಉರಿಯಲಿಲ್ಲ. ಇದ್ದಬದ್ದ ಹಣ್ಣನ್ನೆಲ್ಲ ಸಾಲಾಗಿ ಜೋಡಿಸಿದರೂ ಉರಿಯಲಿಲ್ಲ. ಒಂದು ಹಣ್ಣಿನಿಂದ ಹೆಚ್ಚೂಕಡಿಮೆ 0.9 ವೋಲ್ಟ್ ಸಿಕ್ಕರೂ ಹರಿಯುವ ಪ್ರವಾಹ ಮಿಲಿ ಆಂಪಿಯರ್ ಲೆಕ್ಕದ್ದು, ಬಲ್ಬಿನ ತಂತಿ ಕೆಂಪಗೆ ಕಾಯಲು ಅದು ಎಲ್ಲಿಗೆ ಸಾಕು? ಕೆಂಪು ಶಾಯಿಯಲ್ಲಿ ‘ಆಗಲಿಲ್ಲ’. ಮರುವರ್ಷ ಎಲ್‌ಇಡಿ ಬಂತು. ಜಿಐ ಮೊಳೆಯ ಮೇಲಿನ ಲೇಪವೇ ಸತು. ತಾಮ್ರಕ್ಕೆ ಕಾಸಿನ ಖರ್ಚಿಲ್ಲ, ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸುತ್ತಿ ಮಿಕ್ಕ ತುಂಡು ತಂತಿ ಕೇಳಿದರೆ ಕೊಡುತ್ತಾರೆ. ಅದೂ ಮೊದಲು ಹತ್ತಲಿಲ್ಲ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ತಂತಿಯನ್ನು ಉಗುರಲ್ಲಿ ಕೆರೆದು, ‘ಸಾರ್, ಇದಕ್ಕೆ ಮೇಲೆ ಏನೋ ಬಳಿದವ್ರೆ’ ಎಂದಳಂತೆ. ವೈಂಡಿಂಗ್ ತಂತಿಗೆ ಎನಾಮಲ್ ಲೇಪ ಇರುತ್ತದೆ. ಬ್ಲೇಡು ತಂದು ತುದಿ ಕೆರೆದು ನಾಲ್ಕು ಹಣ್ಣಿಗೆ ಚುಚ್ಚಿದರೆ ಕೆಂಪು ಎಲ್‌ಇಡಿ ಮಿಣುಕಿತು. ಲೆಕ್ಕದ ಪುಸ್ತಕದಲ್ಲಿ ಆ ಪ್ರಯೋಗದ ಕೆಳಗೆ ‘ಆಯಿತು’ ಎಂದಿದೆ. ಪಕ್ಕದಲ್ಲಿ ಆ ಹುಡುಗಿಯ ಹೆಸರೂ ಇದೆ.

ಅಸಲಿ ತಮಾಷೆ ಆಮೇಲೆ. ಲೆಕ್ಕ ತಪಾಸಣೆಗೆ ಬಂದ ಅಧಿಕಾರಿ ಓಚರು ನೋಡಿ, ‘12 ನಿಂಬೆಹಣ್ಣು ಕೊಂಡಿದ್ದೀರಿ, ಸ್ಟಾಕ್ ರಿಜಿಸ್ಟರಿನಲ್ಲಿ ಇಲ್ಲವಲ್ಲ?’ ಎಂದರು. ‘ಕೊಳೆತುಹೋದವು ಸಾರ್.’ ‘ಹಾಗಾದರೆ ವಿಲೇವಾರಿ ಮಾಡಿದ ದಾಖಲೆ ತೋರಿಸಿ.’ ಕೊನೆಗೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ ಕರೆದು, ಸದರಿ ನಿಂಬೆಹಣ್ಣುಗಳು ಪ್ರಯೋಗದಲ್ಲಿ ಬಳಕೆಯಾಗಿ ನಿರುಪಯುಕ್ತವಾಗಿವೆ ಎಂದು ನಡಾವಳಿ ಬರೆದು, ಅಧ್ಯಕ್ಷರ ಸಹಿ ಹಾಕಿಸಿ ಆಕ್ಷೇಪಣೆ ತೀರಿಸಿದರಂತೆ. ಹೋಗುವಾಗ ಅಧಿಕಾರಿ ಬುದ್ಧಿಮಾತೊಂದನ್ನು ಹೇಳಿದರು: ‘ಯಾಕೆ ಇಷ್ಟು ತಾಪತ್ರಯ? ಮುಂದಿನ ವರ್ಷದಿಂದ ಚಾರ್ಟು ತಗೊಂಡುಬಿಡಿ.’

ನಮ್ಮ ಶಾಲೆಗಳ ಗೋಡೆ ತುಂಬ ಜೀರ್ಣಾಂಗವ್ಯೂಹ, ಸೌರಮಂಡಲ ಯಾಕೆ ನೇತಾಡುತ್ತವೆ ಎಂದು ನನಗೆ ಅರ್ಥವಾದದ್ದು ಈ ಮಾತು ಕೇಳಿದಾಗ. ಚಾರ್ಟು ಕೊಳೆಯುವುದಿಲ್ಲ, ಒಡೆಯುವುದಿಲ್ಲ, ಖರ್ಚಾಗಿ ಮುಗಿಯುವುದಿಲ್ಲ. ಯಾವಾಗ ಬಂದು ಎಣಿಸಿದರೂ ಲೆಕ್ಕಕ್ಕೆ ಸರಿಹೋಗುತ್ತದೆ. ವಿಜ್ಞಾನದ ಪಾಠಕ್ಕೆ ಬೇಕಾದದ್ದೋ ಖರ್ಚಾಗಿ ಮುಗಿಯುವ ಸಾಮಾನೇ. 1987ರಲ್ಲಿ ಶುರುವಾದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯಲ್ಲಿ ಶಾಲೆಗಳಿಗೆ ಬಂದ ವಿಜ್ಞಾನದ ಪೆಟ್ಟಿಗೆ ಎಷ್ಟೋ ಕಡೆ ಬೀರುವಿನಲ್ಲೇ ಬೀಗ ಹಾಕಿಸಿಕೊಂಡು ಮುದಿಯಾದದ್ದೂ ಇದೇ ಭಯಕ್ಕೆ. ಗಾಜಿನ ನಳಿಕೆ ಒಡೆದರೆ ಉತ್ತರ ಹೇಳುವವರಾರು?

ಇನ್ನು ಪ್ರಶಸ್ತಿಯ ವಿಚಾರ. ಕೇಂದ್ರದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಷ್ಟು ಹಳೆಯದು. ಬೆಳ್ಳಿ ಪದಕ, ಪ್ರಮಾಣಪತ್ರ, 50,000 ರೂಪಾಯಿ. ಹಿಂದೆ ರಾಜ್ಯಗಳು ಕಳಿಸಿದ ಪಟ್ಟಿಯಿಂದ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಮಂದಿಗೆ ಸಿಗುತ್ತಿತ್ತು. 2018ರಲ್ಲಿ ಪದ್ಧತಿ ಬದಲಾಗಿ ಸಂಖ್ಯೆ 45ಕ್ಕೆ ಇಳಿಯಿತು. ಯಾವ ಶಿಕ್ಷಕರಾದರೂ ಆನ್‌ಲೈನಿನಲ್ಲಿ ತಾವೇ ಅರ್ಜಿ ಹಾಕಬಹುದು ಎಂದಾಯಿತು. ಕಾಲೇಜು, ಐಟಿಐ ಕಡೆಯವರನ್ನೂ ಸೇರಿಸಿಕೊಂಡ ಮೇಲೆ 2023ರಲ್ಲಿ ಒಟ್ಟು 75 ಮಂದಿಗೆ ಸಂದಿತು. ಹಿಂದೆಲ್ಲ ಈ ಪ್ರಶಸ್ತಿ ಪಡೆದವರಿಗೆ ರೈಲಿನಲ್ಲಿ ಅರ್ಧ ಚಾರ್ಜಿನ ಸವಲತ್ತೂ ಇತ್ತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ನಿಲ್ಲಿಸಿದ ರಿಯಾಯಿತಿಗಳಲ್ಲಿ ಅದೂ ಒಂದು.

ತನ್ನ ಯೋಗ್ಯತೆಗೆ ತಾನೇ ಅರ್ಜಿ ಹಾಕಿಕೊಳ್ಳುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಆದರೆ ಇದನ್ನು ತೀರಾ ತೆಗೆದುಹಾಕುವ ಹಾಗೂ ಇಲ್ಲ. ಮೇಲಿನವರ ಶಿಫಾರಸಿಗೆ ಕೈಮುಗಿದು ನಿಲ್ಲುವುದಕ್ಕಿಂತ ಅರ್ಜಿ ಎಷ್ಟೋ ವಾಸಿ, ಗಡಿಯೂರಿನ ಮೇಡಂಗೂ ಬಾಗಿಲು ತೆರೆದಿರುತ್ತದೆ. ತಕರಾರು ಇರುವುದು ಕಡತದ ಬಗ್ಗೆ. ಫೋಟೊ, ವಿಡಿಯೊ, ಪತ್ರಿಕಾ ವರದಿ ಎಲ್ಲ ಲಗತ್ತಿಸಬೇಕು, 100 ಅಂಕದ ಪಟ್ಟಿಗೆ ಹೊಂದಬೇಕು. ಕೊನೇ ಸುತ್ತಿನಲ್ಲಿ ತೀರ್ಪುಗಾರರ ಮುಂದೆ ತನ್ನ ಕೆಲಸವನ್ನು ತಾನೇ ಬಣ್ಣಿಸಬೇಕು. ಪ್ರಯೋಗ ಮಾಡಿಸುವಾಗ ಎರಡೂ ಕೈ ಕೆಲಸದಲ್ಲಿರುವವರ ಬಳಿ ಫೋಟೊ ಎಲ್ಲಿಂದ ಬರಬೇಕು? ನೀವು ಯಾಕೆ ಹಾಕಲಿಲ್ಲ ಎಂದು ಮೇಷ್ಟ್ರನ್ನು ಕೇಳಿದೆ. ‘ಇಲಾಖೆಯ ಸಿಆರ್‌ಪಿ ಒಬ್ಬರು ಹಾಕಿ ಹಾಕಿ ಅಂತ ಗಂಟುಬಿದ್ದಿದ್ರು. ನೋಡಿದೆ, ಮಾಡಿದ ಪ್ರಯೋಗಕ್ಕಿಂತ ಅಂಟಿಸೋ ಫೋಟೊ ಜಾಸ್ತಿ ಆಗ್ತಿತ್ತು. ಬಿಟ್ಟೆ’ ಎಂದರು.

ಶಾಲಾ ಮೇಷ್ಟ್ರ ಮಾತು ಬಂದಾಗೆಲ್ಲ ನನಗೆ ದೇವಳಾಲಿಯ ಕಾಪ್ರೇಕರ್ ನೆನಪಾಗುತ್ತಾರೆ. ಮನೆಯವರು ‘ಮತ್ತೆ 6174 ಶುರುವಾಯ್ತು’ ಎಂದು ಎದ್ದುಹೋಗುವಷ್ಟು ಸಲ ನಾನು ಈ ಕಥೆ ಹೇಳಿದ್ದೇನೆ. ಹೇಳದೆ ಬಿಡಲಾರೆ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಹುಟ್ಟಿದ್ದು 1905ರಲ್ಲಿ, ಡಹಾಣುವಿನಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗ 1927ರಲ್ಲಿ ರ್‍ಯಾಂಗ್ಲರ್ ಪರಾಂಜಪೆ ಗಣಿತ ಬಹುಮಾನ ಬಂತು. ಸ್ನಾತಕೋತ್ತರ ಪದವಿ ಇಲ್ಲ. 1930ರಿಂದ 1962ರವರೆಗೆ ನಾಸಿಕದ ಪಕ್ಕದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. ಅವರು ಕಂಡುಹಿಡಿದದ್ದನ್ನು ಯಾರು ಬೇಕಾದರೂ ಚೀಟಿಯ ಹಿಂಬದಿಯಲ್ಲಿ ಮಾಡಿ ನೋಡಬಹುದು. ನಾಲ್ಕು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಿರಬಾರದು ಅಷ್ಟೆ. ರಾಷ್ಟ್ರೀಯ ಪ್ರಶಸ್ತಿ ಹುಟ್ಟಿದ 1958ನ್ನೇ ತೆಗೆದುಕೊಳ್ಳೋಣ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು, ಏರಿಕೆಯಲ್ಲಿ ಬರೆದದ್ದನ್ನು ಅದರಿಂದ ಕಳೆಯಿರಿ. 9851ರಲ್ಲಿ 1589 ಹೋದರೆ 8262. ಅದನ್ನೂ ಹಾಗೇ ಮಾಡಿ: 8622ರಲ್ಲಿ 2268 ಕಳೆದರೆ 6354. 6543ರಲ್ಲಿ 3456 ಕಳೆದರೆ 3087. 8730ರಲ್ಲಿ 0378 ಕಳೆದರೆ 8352. 8532ರಲ್ಲಿ 2358 ಕಳೆದರೆ 6174. ಇನ್ನು ಎಷ್ಟು ಸಲ ಮಾಡಿದರೂ 7641ರಲ್ಲಿ 1467 ಹೋಗಿ ಮತ್ತೆ 6174. ಎಲ್ಲಿಂದ ಹೊರಟರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬರಬೇಕು. ನಿಮ್ಮ ಹುಟ್ಟಿದ ಇಸವಿ, ಸ್ಕೂಟರಿನ ನಂಬರು, ಯಾವುದಾದರೂ ಹಾಕಿ ನೋಡಿ.

ಇದನ್ನು ಅವರು 1949ರಲ್ಲೇ ಮದರಾಸಿನ ಗಣಿತ ಸಮ್ಮೇಳನದಲ್ಲಿ ಹೇಳಿದ್ದರು. ಲೋಕಕ್ಕೆಲ್ಲ ತಿಳಿದದ್ದು 1975ರಲ್ಲಿ, ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದಾಗ. ಅಷ್ಟು ಹೊತ್ತಿಗೆ ಕಾಪ್ರೇಕರ್ ನಿವೃತ್ತರಾಗಿ 13 ವರ್ಷ ಕಳೆದಿತ್ತು. ಪಿಂಚಣಿ ಸಾಲದೆ ಮನೆಪಾಠ ಹೇಳುತ್ತಿದ್ದರು. 1986ರಲ್ಲಿ ತೀರಿಕೊಂಡರು.

ನಮ್ಮ ಗೌರವಗಳೆಲ್ಲ ಹೀಗೇ, ಊಟ ಮುಗಿದ ಮೇಲೆ ಬರುತ್ತವೆ. ಹಿಂದೆ ರಾಷ್ಟ್ರೀಯ ಪ್ರಶಸ್ತಿಗೆ ಶಿಕ್ಷಕರಿಗೆ 15 ವರ್ಷದ ಸೇವೆ ಆಗಿರಬೇಕಿತ್ತು, ಈಗ ಹತ್ತು. ಕೆಲಸಕ್ಕೆ ಸೇರಿ ಮೂರನೇ ವರ್ಷದಲ್ಲಿ ಉತ್ಸಾಹ ಕುದಿಯುವಾಗ, ಕೈಯಲ್ಲಿ ಕಾಸಿಲ್ಲದಾಗ, ಒಬ್ಬ ಗಣಿತದ ಮೇಡಂಗೆ ಬೇಕಾದದ್ದು ಶಾಲು ಅಲ್ಲ. ಅಮೆರಿಕದಲ್ಲಿ ಗಣಿತ, ವಿಜ್ಞಾನ ಶಿಕ್ಷಕರಿಗೇ ಮೀಸಲಾದ ಅಧ್ಯಕ್ಷರ ಪ್ರಶಸ್ತಿ 1983ರಿಂದ ಇದೆ, 10,000 ಡಾಲರ್. ನನಗೆ ಅದಕ್ಕಿಂತ ಹಿಡಿಸಿದ್ದು ಗಣಿತಜ್ಞ ಜಿಮ್ ಸೈಮನ್ಸ್ 2004ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ‘ಮ್ಯಾಥ್ ಫಾರ್ ಅಮೆರಿಕ’. ಒಳ್ಳೆಯ ಗಣಿತದ ಶಿಕ್ಷಕರು ಕೆಲಸ ಬಿಟ್ಟುಹೋಗದಿರಲಿ ಎಂದು ಕೆಲಸದಲ್ಲಿರುವಾಗಲೇ ಸಂಬಳದ ಮೇಲೆ ವರ್ಷ ವರ್ಷವೂ ಶಿಷ್ಯವೇತನ ಕೊಡುತ್ತಾರೆ. ಮೇಲಿಂದ ಶಿಕ್ಷಕರೆಲ್ಲ ಒಟ್ಟಿಗೆ ಕೂತು ಕಲಿಯುತ್ತಾರೆ.

ನಮ್ಮಲ್ಲಿ ಏನೂ ಇಲ್ಲ ಎಂದೇನಲ್ಲ. ವಿಜ್ಞಾನಿ ಸಿ.ಎನ್.ಆರ್. ರಾವ್ ತಮಗೆ ಬಂದ ಡ್ಯಾನ್ ಡೇವಿಡ್ ಬಹುಮಾನದ ಹಣದಿಂದ ಶಿಕ್ಷಣ ಪ್ರತಿಷ್ಠಾನ ಕಟ್ಟಿ, ಬೆಂಗಳೂರಿನ ಜಕ್ಕೂರಿನ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಶಾಲಾ ವಿಜ್ಞಾನ ಶಿಕ್ಷಕರನ್ನು ಗೌರವಿಸುತ್ತಾ ಬಂದಿದ್ದಾರೆ. ವಿಜ್ಞಾನಿಯ ಕೈಯಿಂದ ಮೇಷ್ಟ್ರಿಗೆ ಸಲ್ಲುವ ಗೌರವದ ತೂಕವೇ ಬೇರೆ. ಚಳ್ಳಕೆರೆ ಹತ್ತಿರದ ಕುದಾಪುರದ ಐಐಎಸ್‌ಸಿ ಆವರಣದಲ್ಲಿ ಹೈಸ್ಕೂಲು, ಪಿಯು ಶಿಕ್ಷಕರನ್ನು ಅಲ್ಲೇ ಇರಿಸಿಕೊಂಡು ಪ್ರಯೋಗ ಮಾಡಿಸಿ ಕಳಿಸುತ್ತಾರೆ. ನನ್ನ ಲೆಕ್ಕದಲ್ಲಿ ಇದು ಹತ್ತು ಪದಕಕ್ಕೆ ಸಮ. ಅತ್ತ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ರಣಜಿತ್ ಸಿಂಹ ಡಿಸಲೆ, ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗಾಗಿ ತಾವು ಕನ್ನಡ ಕಲಿತು ಪಠ್ಯವನ್ನು ಅವರ ನುಡಿಗೆ ತಂದವರು. 2020ರಲ್ಲಿ 10 ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಬಹುಮಾನ ಬಂದಾಗ ಅರ್ಧವನ್ನು ಕೊನೆಯ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿಬಿಟ್ಟರು. ದೊಡ್ಡ ಬಹುಮಾನಗಳ ಬಗ್ಗೆ ನನಗಿರುವ ಗುಮಾನಿಯನ್ನು ಕೊಂಚ ಸಡಿಲಿಸಿದ ಆಸಾಮಿ ಇವರೊಬ್ಬರೇ.

ಸರ್ಕಾರದ ಕೈ ಬಿಗಿ ಎಂದೂ ಹೇಳಲಾಗದು. 2016ರಲ್ಲಿ ಬಂದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಹೊಸ ಆಲೋಚನೆಗಾಗಿ ಆಯ್ಕೆಯಾದ ಮಗುವಿನ ಖಾತೆಗೆ 10,000 ಬರುತ್ತದೆ. ಶಾಲೆಗೆ ಉಂಟು, ಮಗುವಿಗೆ ಉಂಟು. ಮೇಷ್ಟ್ರು ಸಂಜೆ ಸಂತೆಗೆ ಹೋಗಿ ನಿಂಬೆಹಣ್ಣು ತರಲು ಅವರ ಕೈಗೇ ಬರುತ್ತಿದ್ದ ಐನೂರು ಮಾತ್ರ ಈಗಿಲ್ಲ. 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂದ ಮೇಲೆ ಎಲ್ಲವೂ ಶಾಲೆಯ ಒಟ್ಟು ಅನುದಾನ. ಅದರಲ್ಲಿ ಕರೆಂಟು ಬಿಲ್ಲು, ಫಿನಾಯಿಲು, ಸುಣ್ಣಬಣ್ಣ ಕಳೆದು ಮಿಕ್ಕಿದರೆ ವಿಜ್ಞಾನ.

ಇಲಾಖೆಗೆ ನನ್ನದೊಂದು ಮನವಿ. ಒಂದು ರಾಷ್ಟ್ರೀಯ ಪ್ರಶಸ್ತಿಯ ನಗದು ನೂರು ಮೇಷ್ಟ್ರುಗಳ ಹಳೆಯ ಟಿಎಲ್‌ಎಂ ದುಡ್ಡಿಗೆ ಸಮ. ಪ್ರಶಸ್ತಿ ಇರಲಿ, ಬೇಡವೆನ್ನುವುದಿಲ್ಲ. ಜೊತೆಗೆ ವಿಜ್ಞಾನ, ಗಣಿತ ಕಲಿಸುವ ಪ್ರತಿಯೊಬ್ಬರ ಕೈಗೂ ವರ್ಷಕ್ಕೆ ಐದು ಸಾವಿರ ಕೊಡಿ. ಅದರಲ್ಲಿ ಕೊಳೆಯುವ, ಒಡೆಯುವ, ಸುಟ್ಟುಹೋಗುವ ಸಾಮಾನು ಕೊಳ್ಳಬಹುದು, ಅದಕ್ಕೆ ವಿಲೇವಾರಿ ದಾಖಲೆ ಬೇಡ ಎಂದು ಸುತ್ತೋಲೆಯಲ್ಲೇ ಬರೆಯಿರಿ. ಹಳೆಯ ವಿದ್ಯಾರ್ಥಿಗಳ ಸಂಘದವರಲ್ಲೂ ಒಂದು ಮಾತು: ಈ ಸೆಪ್ಟೆಂಬರ್ 5ಕ್ಕೆ ಊರಿನ ಶಾಲೆಗೆ ಹೋಗುವ ಮೊದಲು ವಿಜ್ಞಾನದ ಮೇಷ್ಟ್ರಿಗೆ ಫೋನು ಮಾಡಿ, ಏನು ಬೇಕು ಎಂದು ಕೇಳಿ, ಅವರು ಹೇಳಿದ್ದನ್ನೇ ತೆಗೆದುಕೊಂಡು ಹೋಗಿ.