ಕಾಣದ ಬೆಳಕೂ ಕುಂಡದ ಗಿಡವೂ

ಬೆಂಗಳೂರಿನ ಮೂಡಣ ಅಂಚಿನ ಹೂಡಿಯಲ್ಲಿ ಕತ್ತಲಾದ ಮೇಲೆ ಬಹುಮಹಡಿ ಮನೆಗಳತ್ತ ತಲೆಯೆತ್ತಿ ನೋಡಿದರೆ, ಅಲ್ಲೊಂದು ಇಲ್ಲೊಂದು ಕಿಟಕಿಯಲ್ಲಿ ನೇರಳೆ ಬಣ್ಣದ ಬೆಳಕು ಕಾಣಿಸುತ್ತದೆ. ಅದರ ಕೆಳಗೆ ಮನಿಪ್ಲಾಂಟೋ ತುಳಸಿಯೋ ಇರುತ್ತದೆ. ಎದುರಿನ ಕಟ್ಟಡದ ನೆರಳಿನಿಂದಾಗಿ ಬಿಸಿಲು ಸಿಗದ ಗಿಡಕ್ಕೆ ದೀಪವೇ ಗತಿ. ಇಂಥ ದೀಪಗಳ ಪೆಟ್ಟಿಗೆಯ ಮೇಲೆ ‘ಯು.ವಿ.’, ‘ಐ.ಆರ್.’ ಎಂಬ ಅಕ್ಷರಗಳು ಅನೇಕ ವೇಳೆ ಅಚ್ಚಾಗಿರುತ್ತವೆ. ಅತಿನೇರಳೆ ಮತ್ತು ಅವಕೆಂಪು ಕಿರಣಗಳೆಂದು ಅದರ ಅರ್ಥ. ಇವುಗಳಿಗಾಗಿ ಹೆಚ್ಚು ಹಣ ತೆರುವುದು ಯುಕ್ತವೇ?

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ಕಿಟಕಿಯಲ್ಲಿ ಕಂಡ ಆ ನೇರಳೆ ಬೆಳಕು ಅತಿನೇರಳೆಯಲ್ಲ. ಕೆಂಪು ಮತ್ತು ನೀಲಿ ಎಲ್‌ಇಡಿಗಳು ಜೊತೆಯಾಗಿ ಉರಿದಾಗ ನಮ್ಮ ಕಣ್ಣಿಗೆ ಹಾಗೆ ತೋರುತ್ತದೆ. ಎಲೆಯ ಪತ್ರಹರಿತ್ತು ಹೆಚ್ಚಾಗಿ ಹೀರುವುದು ಈ ಎರಡು ಬಣ್ಣಗಳನ್ನೇ. ಗಿಡವು ಆಹಾರ ತಯಾರಿಸಲು ಬಳಸುವ ಬೆಳಕು ಬಹುಮಟ್ಟಿಗೆ 400ರಿಂದ 700 ನ್ಯಾನೋಮೀಟರ್ ತರಂಗಾಂತರದ್ದು. ಎಂದರೆ, ನಮಗೆ ಕಾಣುವ ಬೆಳಕೇ. 1800ರಲ್ಲಿ ವಿಲಿಯಂ ಹರ್ಷೆಲ್ ಕೆಂಪಿನಾಚೆಯ ಅವಕೆಂಪನ್ನೂ, ಮರುವರ್ಷ ರಿಟ್ಟರ್ ನೇರಳೆಯಾಚೆಯ ಅತಿನೇರಳೆಯನ್ನೂ ಕಂಡುಹಿಡಿದರು. ಕಾಣದ ಈ ಎರಡು ಬೆಳಕುಗಳು ಗಿಡಕ್ಕೆ ಅನ್ನಕ್ಕಿಂತ ಹೆಚ್ಚಾಗಿ ಸುದ್ದಿಯನ್ನು ತರುತ್ತವೆ.

ಸುದ್ದಿ ಎಂದರೇನು? ಹೂಡಿಯಿಂದ ಹೊಸಕೋಟೆಯನ್ನು ದಾಟಿ ಕೋಲಾರದ ಕಡೆಗೋ, ಅಥವಾ ಉತ್ತರಕ್ಕೆ ಚಿಕ್ಕಬಳ್ಳಾಪುರದ ಕಡೆಗೋ ರಾತ್ರಿ ಪ್ರಯಾಣ ಮಾಡಿದ ವಾಚಕರು ಹೊಲದ ತುಂಬ ಬಲ್ಬುಗಳ ಸಾಲು ಉರಿಯುವುದನ್ನು ಕಂಡಿರಬಹುದು. ಅದು ಜಾತ್ರೆಯಲ್ಲ, ಮದುವೆಯೂ ಅಲ್ಲ, ಸೇವಂತಿಗೆಯ ತೋಟ. ಸೇವಂತಿಗೆಯು ಇರುಳು ದೀರ್ಘವಾದಾಗ ಮೊಗ್ಗು ಬಿಡುವ ಸಸ್ಯ. ಇರುಳನ್ನು ನಡುವೆ ದೀಪದಿಂದ ತುಂಡರಿಸಿದರೆ, ಹಗಲು ಇನ್ನೂ ದೀರ್ಘವಾಗಿದೆಯೆಂದೇ ಅದು ಬಗೆದು, ಹೂವನ್ನು ಮುಂದಕ್ಕೆ ಹಾಕಿ ಎತ್ತರಕ್ಕೆ ಬೆಳೆಯುತ್ತದೆ. ಬೇಕಾದಷ್ಟು ಬೆಳೆದ ಮೇಲೆ ರೈತನು ದೀಪ ಆರಿಸುತ್ತಾನೆ; ಕೆಲವು ವಾರಗಳಲ್ಲಿ ಹೂ ಪೇಟೆಗೆ ಬರುತ್ತದೆ. ಆ ಬಲ್ಬುಗಳ ಬೆಳಕು ಗಿಡದ ಆಹಾರಕ್ಕೆ ಏನೇನೂ ಸಾಲದು. ಸುದ್ದಿ ಮುಟ್ಟಿಸಲು ಧಾರಾಳವಾಗಿ ಸಾಕು.

ಈ ಸುದ್ದಿಯನ್ನು ಓದುವ ಬಗೆ ತಿಳಿದದ್ದು ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧನ ಕೇಂದ್ರದಲ್ಲಿ. 1952ರಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟ್ಯೂಸ್ ಸೊಪ್ಪಿನ ನೆನೆದ ಬೀಜಗಳ ಮೇಲೆ ಕೆಂಪು ಬೆಳಕು ಬೀರಿದರು, ಬೀಜಗಳು ಮೊಳೆತವು. ಕೆಂಪಿನ ಬೆನ್ನಿಗೇ ದೂರದ ಕೆಂಪನ್ನು, ಎಂದರೆ ಸುಮಾರು 730 ನ್ಯಾನೋಮೀಟರಿನ ಬೆಳಕನ್ನು ಬೀರಿದರೆ ಹೆಚ್ಚಿನವು ಮೊಳೆಯಲಿಲ್ಲ. ಎಷ್ಟು ಬಾರಿ ಅದಲುಬದಲು ಮಾಡಿದರೂ ಕೊನೆಯ ಬೆಳಕಿನ ಮಾತೇ ನಡೆಯಿತು! 1959ರಲ್ಲಿ ಅಲ್ಲಿಯೇ ಪತ್ತೆಯಾದ ಫೈಟೋಕ್ರೋಮ್ ಎಂಬ ವರ್ಣದ್ರವ್ಯವೇ ಈ ಗುಂಡಿಯನ್ನು ಒತ್ತುವ ಕೈ.

ದೀಪದ ಪೆಟ್ಟಿಗೆಯ ‘ಐ.ಆರ್.’ ಸಾಮಾನ್ಯವಾಗಿ ಈ ದೂರದ ಕೆಂಪೇ. ದೀಪದ ನಡುವೆ ಮಂಕಾಗಿ ಉರಿಯುವ ಒಂದೆರಡು ಎಲ್‌ಇಡಿಗಳು ಕೆಟ್ಟಿವೆಯೆಂದು ಕೊಂಡವರು ಪೇಚಾಡುವುದುಂಟು. ಅವು ಕೆಟ್ಟಿಲ್ಲ, ನಮ್ಮ ಕಣ್ಣಿಗೆ ಎಟುಕುತ್ತಿಲ್ಲ, ಅಷ್ಟೆ. ಮರದ ಎಲೆಗಳು ಕೆಂಪನ್ನು ಹೀರಿ ದೂರದ ಕೆಂಪನ್ನು ಕೆಳಕ್ಕೆ ಬಿಡುತ್ತವೆ. ಆದುದರಿಂದ ಅದು ಹೆಚ್ಚಾದರೆ, ನೆರೆಯ ಗಿಡ ಮೇಲೆ ಕವಿದಿದೆಯೆಂದು ಸಸಿಯು ತಿಳಿದು ಸೊರಗಿ ಉದ್ದವಾಗುತ್ತದೆ. ಕಾಂಕ್ರೀಟು ಗೋಡೆಯ ನೆರಳು ಹೀಗೆ ಬಣ್ಣಗಳನ್ನು ಸೋಸುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ತಗ್ಗಿಸುತ್ತದೆ. ಹಾಗಾಗಿ ಹೂಡಿಯ ಬಾಲ್ಕನಿಯ ಗಿಡಕ್ಕೆ ಕೊರತೆಯಾಗಿರುವುದು ಕಾಣುವ ಬೆಳಕು. ಬಿಳಿಯ ಬೆಳಕು ಸಾಕಷ್ಟಿರುವಲ್ಲಿ ಮಾತ್ರ ಸ್ವಲ್ಪ ದೂರದ ಕೆಂಪು ಆಹಾರ ತಯಾರಿಕೆಗೂ ನೆರವಾಗುತ್ತದೆಂಬುದನ್ನು 1957ರಲ್ಲಿ ಎಮರ್ಸನ್ ತೋರಿಸಿದ್ದುಂಟು. ಇನ್ನೂ ಆಚಿನ ಅವಕೆಂಪು ಬರಿಯ ಶಾಖ. ಬೆಂಗಳೂರಿನ ಚಳಿಯಲ್ಲಿ ಮನೆಯೊಳಗಿನ ಗಿಡಕ್ಕೆ ಬೆಂಕಿ ಕಾಯಿಸುವ ಅಗತ್ಯ ನಮಗಂತೂ ತೋರದು.

ಅತಿನೇರಳೆಯ ಕಥೆ ಬೇರೆ. ಕಿಟಕಿಯ ಗಾಜು ಅದರ 280ರಿಂದ 315 ನ್ಯಾನೋಮೀಟರಿನ ಭಾಗವನ್ನು ಬಹುತೇಕ ತಡೆಯುತ್ತದೆ. ಈ ಕಿರಣವನ್ನು ಗುರುತಿಸುವ ಪ್ರೋಟೀನು ಕೆಲಸ ಮಾಡುವ ಬಗೆ 2011ರಲ್ಲಿ ಸ್ಪಷ್ಟವಾಯಿತು. ಸುದ್ದಿ ಮುಟ್ಟಿದೊಡನೆ ಎಲೆಯು ತನ್ನ ರಕ್ಷಣೆಗೆ ಕೆಲವು ವರ್ಣದ್ರವ್ಯಗಳನ್ನು ತಯಾರಿಸುತ್ತದೆ. ಕಾಮಕಸ್ತೂರಿಯಂಥ ಗಿಡದಲ್ಲಿ ಸುಗಂಧತೈಲವೂ ಹೆಚ್ಚುತ್ತದೆ. ಪರಿಮಳವೋ ಎಲೆಯ ಕೆಂಪುಬಣ್ಣವೋ ಬೇಕಾದರೆ ಮಿತವಾಗಿ ಕೊಡಬಹುದು. ಆದರೆ ದಿನಕ್ಕೊಂದು ಗಳಿಗೆ ಕುಂಡವನ್ನು ಗಾಜಿನ ಹೊರಗಿಟ್ಟರೆ ಸೂರ್ಯನು ಅದನ್ನು ಪುಕ್ಕಟೆಯಾಗಿ ಕೊಡುತ್ತಾನೆ. ಕ್ರಿಮಿನಾಶಕವೆಂದು ಮಾರುವ 254 ನ್ಯಾನೋಮೀಟರಿನ ದೀಪವನ್ನಂತೂ ಗಿಡದ ಬಳಿಗೆ ತರಲೇಕೂಡದು. ಅದು ಎಲೆಯನ್ನೂ ನೋಡುವವರ ಕಣ್ಣನ್ನೂ ಸುಡುತ್ತದೆ.

ಉಳಿದಂತೆ ಒಳ್ಳೆಯ ಬಿಳಿಯ ಎಲ್‌ಇಡಿಯೊಂದು ದಿನಕ್ಕೆ 12 ಗಂಟೆ ಹತ್ತಿರದಲ್ಲಿ ಉರಿದರೆ ಮನಿಪ್ಲಾಂಟಿಗೆ ಕೊರತೆಯಿಲ್ಲ. ಕುಂಡದಲ್ಲಿರುವುದು ಸೇವಂತಿಗೆಯಾದರೆ ಮಾತ್ರ ಎಚ್ಚರ ಬೇಕು. ಕಂಪನಿಯ ಕೆಲಸಕ್ಕಾಗಿ ನಡುರಾತ್ರಿಯವರೆಗೆ ದೀಪ ಉರಿಯುವ ಕೋಣೆಯಲ್ಲಿ ಅದು ಮೊಗ್ಗು ಬಿಡದಿದ್ದರೆ, ಗೊಬ್ಬರವನ್ನು ದೂರಬೇಡಿ. ಸಂಜೆ ಆರಕ್ಕೆ ಅದನ್ನು ದೀಪವಿಲ್ಲದ ಕೋಣೆಗೆ ಸಾಗಿಸಿ, ಬೆಳಗ್ಗೆ ಹೊರಗೆ ತನ್ನಿ.